ಕ್ಲೋಸೆ ಪುಸ್ತಕ ಇಟ್ಟುಕೊಂಡು ಒಬ್ಬರೇ ಕ್ಲಾರಿನೆಟ್ ಕಲಿಯಬಹುದಾ? ಅದು ತೀರಾ ಹಳೆಯದಾಯ್ತಾ?

ನಿಮಗೆ ಹಳೇ ಕ್ಲಾರಿನೆಟ್ ಸಿಕ್ಕಿದೆ, ಕಲಿಸೋರು ಯಾರೂ ಇಲ್ಲ, ಫೋನಿನಲ್ಲಿ ಕ್ಲೋಸೆ ಅನ್ನೋವರು ಬರೆದ ಕ್ಲಾರಿನೆಟ್ ಪಾಠದ ಪುಸ್ತಕದ ಪಿಡಿಎಫ್ ಇದೆ, ಅದು 1843ರದ್ದು ಅನ್ನೋದೇ ನಿಮ್ಮ ಚಿಂತೆ. ನಾನೂ ಹೀಗೇ ಶುರು ಮಾಡಿದವನು. ಪುಸ್ತಕಕ್ಕೆ ವಯಸ್ಸಾಯ್ತಾ ಅಂತ ನಾನೂ ತಲೆ ಕೆಡಿಸಿಕೊಂಡಿದ್ದೆ. ವಾದ್ಯವನ್ನು ಮಾತ್ರ ಸರಿಯಾಗಿ ನೋಡಲೇ ಇಲ್ಲ.

ನನ್ನ ಕ್ಲಾರಿನೆಟ್ ಮದುವೆ ಬ್ಯಾಂಡ್‌ನಲ್ಲಿ ನುಡಿಸುತ್ತಿದ್ದ ಹಿರಿಯರೊಬ್ಬರದ್ದು. ಮುಂದಿನ ಹಲ್ಲು ಹೋಗಿದ್ದವು, ಇನ್ನು ಊದೋಕಾಗಲ್ಲ ಅಂತ ಕೊಟ್ಟುಬಿಟ್ಟರು. ಕರಿಮರದ ವಾದ್ಯ. ಬೆರಳಲ್ಲಿ ಒತ್ತುವ ಲೋಹದ ಕೀಲಿಗಳು ಮಂಕಾಗಿದ್ದವು, ಜೋಡಿಸುವ ಜಾಗದ ಕಾರ್ಕ್ ಪುಡಿಪುಡಿ. ಅದನ್ನೆಲ್ಲ ಸರಿ ಮಾಡಿಸಿ, ಪುಸ್ತಕವನ್ನು ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡ್ ಮಾಡಿಸಿ, ದಿನಾ ಸಂಜೆ ಕೂತೆ.

ಚಿಕ್ಕಂದಿನಲ್ಲಿ ಸ್ವಲ್ಪ ಹಾಡು ಕಲಿತಿದ್ದೆ. ಸರಳೆ, ಜಂಟಿ, ಒಂದಷ್ಟು ಗೀತೆ. ಹಾಗಾಗಿ ಕಿವಿ ಇದೆ ಅನ್ನೋ ಧೈರ್ಯ. ಪುಸ್ತಕದ ಸಿ ಸ್ವರವನ್ನು ಷಡ್ಜ ಅಂತ ಇಟ್ಟುಕೊಂಡರೆ ಮೊದಲ ಸ್ವರಸಾಲು ಶಂಕರಾಭರಣ ಆಗಬೇಕು ಅಲ್ವಾ? ನನ್ನದು ಪ್ರತಿ ಸಲ ಕಲ್ಯಾಣಿ. ಸ ರಿ ಗ ಸರಿ, ಮಧ್ಯಮಕ್ಕೆ ಬಂದ ಕೂಡಲೇ ಪ್ರತಿಮಧ್ಯಮ, ಅಂದ್ರೆ ಬೇಕಾದ ಶುದ್ಧ ಮಧ್ಯಮಕ್ಕಿಂತ ಅರ್ಧ ಸ್ವರ ಮೇಲೆ. ಮತ್ತೆ ಊದಿದರೂ ಅದೇ. ಸಿ ಷಡ್ಜವಾದರೆ ಎಫ್ ಶುದ್ಧ ಮಧ್ಯಮ, ಎಫ್ ಶಾರ್ಪ್ ಪ್ರತಿಮಧ್ಯಮ. ಪುಸ್ತಕದ ಚಿತ್ರದಲ್ಲಿ ಎಫ್ ಸ್ವರಕ್ಕೆ ಎಡಗೈಯ ಮೂರೂ ಬೆರಳು, ಬಲಗೈಯ ತೋರುಬೆರಳು ಮುಚ್ಚು ಅಂತಿದೆ. ಮುಚ್ಚಿದ್ದೆ. ಬಂದದ್ದು ಎಫ್ ಶಾರ್ಪ್. ಎಫ್ ಶಾರ್ಪ್ ಬೇಕಾದರೆ ತೋರುಬೆರಳು ಎತ್ತಿ ನಡುಬೆರಳು ಮುಚ್ಚು ಅಂತಿದೆ. ಹಾಗೆ ಮಾಡಿದರೆ ಯಾವುದಕ್ಕೂ ಸೇರದ ಒಂದು ಸ್ವರ.

ಇಲ್ಲಿ ನಾನು ಮಾಡಿದ್ದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕಂದ್ರೆ ನೀವೂ ಅದನ್ನೇ ಮಾಡುತ್ತೀರಿ. ಮೊದಲು ರೀಡ್ ಮೇಲೆ, ಅಂದ್ರೆ ಊದಿದಾಗ ಕಂಪಿಸಿ ನಾದ ಹುಟ್ಟಿಸುವ ತೆಳು ಪಟ್ಟಿಯ ಮೇಲೆ, ಅನುಮಾನ ಬಂತು, ಬದಲಾಯಿಸಿದೆ. ಆಮೇಲೆ ಕೀಲಿಯಡಿ ರಂಧ್ರ ಮುಚ್ಚುವ ಪ್ಯಾಡ್ ಮೇಲೆ, ಹೊಸದು ಹಾಕಿಸಿದೆ. ಕೊನೆಗೆ ನನ್ನ ಮೇಲೇ. ಊದೋದೇ ತಪ್ಪಿರಬೇಕು ಅಂತ ಕೆಳದವಡೆ ಇಳಿಸಿ, ತುಟಿ ಸಡಿಲ ಬಿಟ್ಟು, ಆ ಸ್ವರವನ್ನು ಕೆಳಕ್ಕೆ ಎಳೆಯೋದು ಕಲಿತೆ. ಜೋರಾಗಿ ಎಳೆದರೆ ಹತ್ತಿರ ಹತ್ತಿರ ಶುದ್ಧ ಮಧ್ಯಮಕ್ಕೆ ಬರುತ್ತಿತ್ತು. ನಾದ ಒದ್ದೆ ಬಟ್ಟೆ ಹಿಂಡಿದ ಹಾಗೆ. ಆದರೂ ಸಾಧಿಸಿಬಿಟ್ಟೆ ಅನ್ನೋ ಖುಷಿ. ಸ್ವರ ಬಂದ ತಕ್ಷಣ ತುಟಿ ತಾನಾಗಿ ಸಡಿಲವಾಗೋದು ಅಭ್ಯಾಸವಾಗಿಹೋಯ್ತು. ಯಾರಾದರೂ ಎದುರಿಗಿದ್ದರೆ ನುಡಿಸೋಕೆ ನಾಚಿಕೆ. ನನಗೆ ಶ್ರುತಿಜ್ಞಾನವೇ ಇಲ್ಲ ಅಂತ ನಂಬಿಕೊಂಡೆ. ಹಾಡೋದೂ ನಿಲ್ಲಿಸಿದೆ. ವಾದ್ಯ ಅಟ್ಟ ಸೇರಿತು.

ಗುಟ್ಟು ಗೊತ್ತಾಗಿದ್ದು ಬಹಳ ತಡವಾಗಿ, ಒಬ್ಬ ಬ್ಯಾಂಡ್ ಮಾಸ್ಟರ್ ಮುಂದೆ ಪುಸ್ತಕ, ವಾದ್ಯ ಎರಡನ್ನೂ ಇಟ್ಟಾಗ. ಅವರು ಊದಿ ನೋಡಲೂ ಇಲ್ಲ. ಚಿತ್ರದ ಮೇಲೆ ಬೆರಳಿಟ್ಟು, "ಏನಪ್ಪಾ, ಇಲ್ಲಿ ಎಡಗಡೆ ಕಿರುಬೆರಳಿಗೆ ಮೂರು ಕೀಲಿ ಇದೆ, ನಿನ್ನದರಲ್ಲಿ ಎರಡೇ ಇದೆಯಲ್ಲ?" ಅಂದರು. ಎಣಿಸಿದೆ. ಬಲಗಡೆ ಚಿತ್ರದಲ್ಲಿ ನಾಲ್ಕು, ನನ್ನದರಲ್ಲಿ ಎರಡು, ನಡುವೆ ಉರುಳುವ ಪುಟ್ಟ ರೋಲರ್. "ಇದು ಆಲ್ಬರ್ಟ್. ಪುಸ್ತಕ ಬೋಮ್‌ದು. ನೀನು ಬೇರೆ ವಾದ್ಯದ ಪಾಠ ಓದ್ತಾ ಇದ್ದೀಯ."

ಅಷ್ಟೇ. ಆಲ್ಬರ್ಟ್, ಬೋಮ್ ಅಂದ್ರೆ ಕ್ಲಾರಿನೆಟ್‌ಗೆ ಕೀಲಿ ಜೋಡಿಸುವ ಎರಡು ಬೇರೆ ಬೇರೆ ಪದ್ಧತಿ. ನನ್ನ ವಾದ್ಯದಲ್ಲಿ ಆ ಬೆರಳಿಗೆ ಎಫ್ ಶಾರ್ಪೇ ಬರಬೇಕು. ನನ್ನ ಕಿವಿ ಮೊದಲ ದಿನದಿಂದ ಸರಿಯಾಗೇ ಹೇಳುತ್ತಿತ್ತು!

ಆಮೇಲೆ ಈ ಕ್ಲೋಸೆ ಯಾರು ಅಂತ ಹುಡುಕಿದೆ. ಮೊದಲೇ ಹುಡುಕಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಇಯಾಸಿಂತ್ ಕ್ಲೋಸೆ ಹುಟ್ಟಿದ್ದು 1808ರಲ್ಲಿ, ಗ್ರೀಸ್ ಕಡೆಯ ಕೊರ್ಫು ದ್ವೀಪದಲ್ಲಿ. ಆಗ ಅದು ಫ್ರೆಂಚರ ಕೈಯಲ್ಲಿತ್ತು. ಬೆಳೆದದ್ದು, ಹೆಸರು ಮಾಡಿದ್ದು ಫ್ರಾನ್ಸ್‌ನಲ್ಲಿ. ಪ್ಯಾರಿಸ್ ಕನ್ಸರ್ವೇಟರಿ ಅನ್ನೋ ಸಂಗೀತ ಶಾಲೆಯಲ್ಲಿ ಅವರ ಗುರು ಫ್ರೆಡೆರಿಕ್ ಬೇರ್. ರೀಡನ್ನು ಮೇಲ್ದುಟಿಗೆ ಇಟ್ಟು ಊದುವ ಹಳೇ ಪದ್ಧತಿ ಬಿಡಿಸಿ, ಈಗ ನಾವೆಲ್ಲ ಮಾಡುವ ಹಾಗೆ ಕೆಳದುಟಿಯ ಮೇಲೆ ಇಡೋದನ್ನು ಆ ಸಂಸ್ಥೆಗೆ ತಂದವರು ಈ ಬೇರ್. 1838ರಲ್ಲಿ ಬೇರ್ ತೀರಿಕೊಂಡರು. ಅವರ ಜಾಗಕ್ಕೆ ಕ್ಲೋಸೆ ಬಂದು 1868ರವರೆಗೆ ಪಾಠ ಹೇಳಿದರು.

ಆ ಕಾಲದ ಕ್ಲಾರಿನೆಟ್ ಅಂದ್ರೆ ಇವಾನ್ ಮ್ಯೂಲರ್ ಅನ್ನೋವರ 13 ಕೀಲಿಯ ವಾದ್ಯ. ನನ್ನ ಆಲ್ಬರ್ಟ್ ಅದರದೇ ವಂಶ, ಬ್ರಸೆಲ್ಸ್‌ನ ಆಲ್ಬರ್ಟ್ ಮನೆತನದವರು ತಿದ್ದಿದ್ದು. ಮ್ಯೂಲರ್ ತಮ್ಮ ವಾದ್ಯ ಎಲ್ಲ ಶ್ರುತಿಗೂ ಆಗುತ್ತೆ ಅಂತ 1812ರಲ್ಲಿ ಇದೇ ಕನ್ಸರ್ವೇಟರಿಗೆ ತೋರಿಸಿದ್ದರು, ಅಲ್ಲಿನ ಸಮಿತಿ ಬೇಡ ಅಂದಿತ್ತು. ಅದರಲ್ಲಿ ಕಷ್ಟವಿದ್ದದ್ದು ಕಿರುಬೆರಳಿಗೆ. ಕೆಲವು ಸ್ವರಗಳ ನಡುವೆ ಅದೇ ಬೆರಳು ಒಂದು ಕೀಲಿಯಿಂದ ಇನ್ನೊಂದಕ್ಕೆ ಜಾರಬೇಕು. ನಿಧಾನಕ್ಕೆ ನುಡಿಸಿದರೆ ಪರವಾಗಿಲ್ಲ. ವೇಗ ಹೆಚ್ಚಿದರೆ ಮಧ್ಯೆ ಒಂದು ಕೊಳಕು ಸ್ವರ ನುಸುಳುತ್ತೆ.

ಅದೇ ಹೊತ್ತಿಗೆ ಮ್ಯೂನಿಕ್‌ನ ಥಿಯೋಬಾಲ್ಡ್ ಬೋಮ್ ಕೊಳಲಿಗೆ ಉಂಗುರ ಹಾಕಿದ್ದರು. ಬೆರಳು ರಂಧ್ರ ಮುಚ್ಚುವಾಗ ಸುತ್ತಲಿನ ಉಂಗುರವೂ ಕೆಳಗೆ ಹೋಗುತ್ತೆ, ಅದಕ್ಕೆ ಸೇರಿದ ಸರಳು ತಿರುಗುತ್ತೆ, ಬೆರಳಿಗೆ ಎಟುಕದ ಇನ್ನೊಂದು ರಂಧ್ರದ ಪ್ಯಾಡ್ ಮುಚ್ಚುತ್ತೆ. ಇದನ್ನು ಕ್ಲಾರಿನೆಟ್‌ಗೆ ತಂದವರು ಕ್ಲೋಸೆ ಮತ್ತು ವಾದ್ಯ ಮಾಡುವ ಲೂಯಿ ಒಗ್ಯುಸ್ತ್ ಬುಫೆ. 1839ರ ಪ್ಯಾರಿಸ್ ಪ್ರದರ್ಶನದಲ್ಲಿ ಮೊದಲ ರೂಪ ಇಟ್ಟರು, 1844ರಲ್ಲಿ ಪೇಟೆಂಟ್. 17 ಕೀಲಿ, 6 ಉಂಗುರ. ಇವತ್ತು ಅಂಗಡಿಯಲ್ಲಿ ಸಿಗುವ ಮಾಮೂಲಿ ಕ್ಲಾರಿನೆಟ್‌ನಲ್ಲೂ ಅಷ್ಟೇ ಇವೆ, ಎಣಿಸಿ ನೋಡಿ. ಹೆಸರು ಮಾತ್ರ ಬೋಮ್‌ಗೆ ಹೋಯ್ತು. ಪಾಪ, ಬೋಮ್ ಈ ಕ್ಲಾರಿನೆಟ್ ಕೆಲಸಕ್ಕೆ ಕೈ ಹಾಕಿರಲಿಲ್ಲ ಅಂತ ನನ್ನ ತಕರಾರು. ಕೊಳಲಿನದ್ದನ್ನು ಇದ್ದ ಹಾಗೇ ಎತ್ತಿ ಹಾಕೋಕೂ ಆಗಲ್ಲ. ಕೊಳಲನ್ನು ಜೋರಾಗಿ ಊದಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬರುತ್ತೆ. ಕ್ಲಾರಿನೆಟ್ ಅದಕ್ಕೂ ಮೇಲೆ ಹಾರುತ್ತೆ, ಕೆಳಗಿನ ಸ ಬೆರಳಿಟ್ಟರೆ ಮೇಲಿನ ಸ್ಥಾಯಿಯ ಪ ಬರುತ್ತೆ. ಆ ಅಂತರ ತುಂಬೋಕೆ ಜಾಸ್ತಿ ರಂಧ್ರ ಬೇಕು, ಆ ಹೊರೆಯೆಲ್ಲ ಕಿರುಬೆರಳಿನ ಮೇಲೆ ಬೀಳುತ್ತೆ.

ಕ್ಲೋಸೆ ಮಾಡಿದ ದೊಡ್ಡ ಉಪಕಾರ ಇರೋದು ಇಲ್ಲೇ. ಮೂರು ಸ್ವರದ ಕೀಲಿಗಳನ್ನು ಎಡಕ್ಕೂ ಬಲಕ್ಕೂ ಎರಡೂ ಕಡೆ ಇಟ್ಟರು. ಬಿ ಎಡದಲ್ಲಿ ಹಿಡಿದರೆ ಸಿ ಶಾರ್ಪ್ ಬಲದಲ್ಲಿ. ಬಿ ಬಲದಲ್ಲಿ ಹಿಡಿದರೆ ಸಿ ಶಾರ್ಪ್ ಎಡದಲ್ಲಿ. ಜಾರೋ ಮಾತೇ ಇಲ್ಲ. ಅದರ ಬದಲು ಒಂದು ಹೊಸ ಕೆಲಸ: ಯಾವ ಕಡೆ ಹಿಡಿಯಬೇಕು ಅಂತ ಎರಡು ಸ್ವರ ಮುಂಚೆಯೇ ತಲೆಯಲ್ಲಿ ಇರಬೇಕು. 1843ರ ಪುಸ್ತಕದಲ್ಲಿ ಪುಟಗಟ್ಟಲೆ ಬರುವ ಪುಟ್ಟ ಪುಟ್ಟ ಸಾಲುಗಳು, ಒಂದನ್ನೇ ಸುತ್ತಿ ಸುತ್ತಿ ನುಡಿಸುವಂಥವು, ಈ ಬೆರಳ ಲೆಕ್ಕಕ್ಕಾಗಿಯೇ. ಬೋರ್ ಹೊಡೆಸುತ್ತೆ ಅಂತ ಹಾರಿಸಬೇಡಿ. ಆದರೆ ಕಿರುಬೆರಳಿಗೆ ಎರಡೇ ಕೀಲಿ ಇರುವ ವಾದ್ಯದಲ್ಲಿ ಅವನ್ನು ನುಡಿಸೋದಕ್ಕೆ ಅರ್ಥವೇ ಇಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಹಳೇ ಪುಸ್ತಕವೋ ಯೂಟ್ಯೂಬೋ ಅನ್ನೋದು ಆಮೇಲಿನ ಮಾತು. ಬೋಮ್ ವಾದ್ಯ ಬದಲಾಗಿಲ್ಲ, ಅದಕ್ಕೇ ಪುಸ್ತಕವೂ ಹಳೆಯದಾಗಿಲ್ಲ. ಕ್ಲೋಸೆ ಅವರ ಶಿಷ್ಯ ಅಡೋಲ್ಫ್ ಲೆರುವಾ ಕನ್ಸರ್ವೇಟರಿಯ ಅದೇ ಕುರ್ಚಿಗೆ ಬಂದರು, 1876ರಿಂದ ಇನ್ನೊಬ್ಬ ಶಿಷ್ಯ ಸಿರಿಲ್ ರೋಸ್. ಫೆರ್ಲಿಂಗ್ ಅನ್ನೋವರ ಓಬೋ (ಅದೂ ರೀಡ್ ಇಟ್ಟು ಊದುವ ವಾದ್ಯ) ಪಾಠಗಳನ್ನು ಹಿಡಿದು ರೋಸ್ ಮಾಡಿದ 32 ಅಭ್ಯಾಸಗಳನ್ನು ಇವತ್ತಿಗೂ ಕ್ಲಾರಿನೆಟ್‌ನವರು ನುಡಿಸುತ್ತಾರೆ. ಲೆರುವಾ ಹತ್ತಿರ ಕಲಿತ ಪ್ರೋಸ್ಪರ್ ಮಿಮಾರ್ ಅವರಿಗೆ ಫ್ರೆಂಚ್ ಸಂಗೀತ ರಚನೆಗಾರ ಡೆಬ್ಯುಸಿ ತಮ್ಮ ಕ್ಲಾರಿನೆಟ್ ರಾಪ್ಸೊಡಿ ಅರ್ಪಿಸಿದರು. ಅದು 1910ರ ಕನ್ಸರ್ವೇಟರಿ ಪರೀಕ್ಷೆಗೆ ಬರೆದದ್ದು. ಒಗುಸ್ತಾ ಓಲ್ಮೆಸ್ ಅನ್ನೋ ಸಂಗೀತ ರಚನೆಗಾರ್ತಿಯೂ ಚಿಕ್ಕವಯಸ್ಸಿನಲ್ಲಿ ಕ್ಲೋಸೆ ಹತ್ತಿರ ಪಾಠ ಹೇಳಿಸಿಕೊಂಡಿದ್ದರು. ಸ್ಯಾಕ್ಸೋಫೋನ್‌ಗೂ ಕ್ಲೋಸೆ ಅಭ್ಯಾಸಗಳನ್ನು ಬರೆದಿದ್ದಾರೆ. 1880ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು.

ಇಷ್ಟೆಲ್ಲ ಹೊಗಳಿದೆ ಅಂತ ಆಲ್ಬರ್ಟ್ ವಾದ್ಯ ಕೀಳು ಅಂದುಕೊಳ್ಳಬೇಡಿ. ಸಿಡ್ನಿ ಬೆಶೆ, ಜಾನಿ ಡಾಡ್ಸ್ ಥರದ ನ್ಯೂ ಆರ್ಲಿನ್ಸ್ ಜಾಝ್ ದೊಡ್ಡವರು ಅದರಲ್ಲೇ ನುಡಿಸಿದ್ದು. ಜರ್ಮನಿ, ವಿಯೆನ್ನಾದ ದೊಡ್ಡ ಆರ್ಕೆಸ್ಟ್ರಾಗಳು ಈಗಲೂ ಬೋಮ್ ಹಿಡಿದಿಲ್ಲ, ಅವರದ್ದೂ ಮ್ಯೂಲರ್ ಕಡೆಯಿಂದ ಬಂದ ವಾದ್ಯವೇ. ಇನ್ನೊಂದು ಮಾತು. ನೀವು ರಾಗ ನುಡಿಸೋಕೆ ಅಂತ ಕಲಿಯುತ್ತಿದ್ದರೆ, ನಮ್ಮ ರಾಯಚೂರು ಕಡೆಯ ನರಸಿಂಹಲು ವಡವಾಟಿ ಅವರ ಹಿಂದೂಸ್ತಾನಿ ಕೇಳಿ ಆಸೆ ಹುಟ್ಟಿದ್ದರೆ, ಕ್ಲೋಸೆ ಪುಸ್ತಕದ ಹಂಗೇ ಬೇಡ. ಬೆರಳನ್ನು ರಂಧ್ರದ ಮೇಲಿಂದ ಮೆಲ್ಲಗೆ ಸರಿಸಿ ಸ್ವರ ಜಾರಿಸೋದು ಬೇಕು, ಅದಕ್ಕೆ ಉಂಗುರ ಕಡಿಮೆ ಇರುವ ವಾದ್ಯ ನನಗಂತೂ ಹಿತ. ಸಿಕ್ಕ ಹಳೇ ವಾದ್ಯವನ್ನೇ ಇಟ್ಟುಕೊಳ್ಳಿ, ರಾಗ ಬಲ್ಲ ಒಬ್ಬರನ್ನು ಹುಡುಕಿ.

ನಾನು ಆಮೇಲೆ ಒಂದು ಸೆಕೆಂಡ್ ಹ್ಯಾಂಡ್ ಬೋಮ್ ಪ್ಲಾಸ್ಟಿಕ್ ಕ್ಲಾರಿನೆಟ್ ಕೊಂಡೆ. ಬೆರಳು ಬೇಗ ಒಗ್ಗಿತು. ತುಟಿ ಒಗ್ಗಲಿಲ್ಲ. ವಾದ್ಯ ಸರಿಯಾದ ಎಫ್ ಕೊಡುತ್ತಿದ್ದರೂ ನನ್ನ ದವಡೆ ಹಳೇ ಚಾಳಿಯಂತೆ ಇಳಿದು ಅದನ್ನು ಇನ್ನೂ ಕೆಳಕ್ಕೆ ಎಳೆಯುತ್ತಿತ್ತು. ಈಗಲೂ ಸುಸ್ತಾದಾಗ ಎಳೆಯುತ್ತೆ. ತಂಬೂರಿ ಆ್ಯಪ್ ಹಾಕಿಕೊಂಡು, ಆ ಒಂದೇ ಸ್ವರವನ್ನು ಉದ್ದಕ್ಕೆ ಹಿಡಿದು ಹಿಡಿದು ಸ್ವಲ್ಪ ರಿಪೇರಿ ಮಾಡಿಕೊಂಡಿದ್ದೇನೆ.

"ಒಬ್ಬನೇ ಕಲಿಯಬಹುದಾ" ಅಂತಲೂ ಕೇಳಿದ್ದೀರಿ. ಶುರುವಿನಲ್ಲಿ ಬೇಡ. ಕ್ಲೋಸೆ ಪುಸ್ತಕವೂ ಒಬ್ಬಂಟಿಗೆ ಬರೆದದ್ದಲ್ಲ. ಅದರಲ್ಲಿ ಇಬ್ಬರು ಕೂತು ನುಡಿಸೋ ಜೋಡಿ ಪಾಠಗಳಿವೆ, ಗುರು ಪಕ್ಕದಲ್ಲಿರುತ್ತಾರೆ ಅನ್ನೋ ಲೆಕ್ಕ. ಬ್ಯಾಂಡ್ ಸೆಟ್‌ನವರು, ಚರ್ಚ್‌ನಲ್ಲಿ ನುಡಿಸೋರು, ಯಾರಾದರೂ ಸರಿ, ಮೊದಲ ಕೆಲವು ವಾರ ಒಬ್ಬರು ನಿಮ್ಮ ತುಟಿ ನೋಡಲಿ.

ಯಾವ ಮುದ್ರಣ ತಗೋಬೇಕು ಅನ್ನೋದು ನಿಮ್ಮ ಕೊನೇ ಸಾಲು. ಯಾವುದಾದರೂ ನಡೆಯುತ್ತೆ, ಹಳೆಯದು ಪುಕ್ಕಟೆ ಸಿಗುತ್ತೆ. ಪ್ರಿಂಟ್ ಹಾಕಿಸೋ ಮುಂಚೆ ವಾದ್ಯದ ಕೆಳಗಿನ ಭಾಗದ ಒಂದು ಫೋಟೋ ಇಲ್ಲಿ ಹಾಕಿ, ಕಿರುಬೆರಳ ಕೀಲಿಗಳು ಕಾಣೋ ಹಾಗೆ. ಬೋಮ್ ಹೌದೋ ಅಲ್ಲವೋ ಹೇಳುತ್ತೇನೆ.