ಬಿಳುಚಿದ ಹವಳ ಸತ್ತಿಲ್ಲ, ಅದರ ಮೇಲೆ ನಿಲ್ಲಬೇಡಿ

ಮಾರ್ಚ್ ಬಂತೆಂದರೆ ಲಕ್ಷದ್ವೀಪದ ಪ್ರಶ್ನೆಗಳು ಶುರುವಾಗುತ್ತವೆ. ಪ್ರತಿ ವರ್ಷ ಅವೇ ಏಳೆಂಟು. ಪರ್ಮಿಟ್, ಹಡಗಿನ ಟಿಕೆಟ್, ರೂಮಿನ ಬಾಡಿಗೆ ಕೇಳಿದವರಿಗೆ ನಾನು ಉತ್ತರಿಸುತ್ತಿಲ್ಲ. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನೀರಿನ ಕೆಳಗಿನ ವಿಷಯ ಮಾತ್ರ ನನ್ನದು.

ಪ್ರಶ್ನೆ: ಮಕ್ಕಳ ಬೇಸಿಗೆ ರಜೆಗೆ ಲಕ್ಷದ್ವೀಪಕ್ಕೆ ಹೋಗುತ್ತಿದ್ದೇವೆ. ಯಾರಿಗೂ ಈಜು ಬರುವುದಿಲ್ಲ. ಹೋಗಿಬಂದ ನೆಂಟರು, "ಬೆಳ್ಳಗಿರುವ ಹವಳ ಸತ್ತದ್ದು, ಅದರ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಿ, ಏನೂ ಆಗಲ್ಲ" ಎನ್ನುತ್ತಾರೆ. ಇದು ಸರಿಯೇ? (ದಾವಣಗೆರೆಯ ಓದುಗರು)

ಉತ್ತರ: ಸರಿಯಲ್ಲ. ಈ ಮಾತನ್ನು ನಾನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಪ್ರತಿ ಬೇಸಿಗೆ ಯಾರೋ ಒಬ್ಬ ನೆಂಟರು ಇದೇ ಸಲಹೆ ಕೊಡುತ್ತಾರೆ. ಬೆಳ್ಳಗಿರುವ ಹವಳ ಸತ್ತಿಲ್ಲ. ಅದು ಹೊಟ್ಟೆಗಿಲ್ಲದೆ ಸೊರಗಿದೆ, ಅಷ್ಟೇ.

ಹವಳ ಪ್ರಾಣಿ ಎಂಬುದು ನಿಮಗೆ ಗೊತ್ತಿದೆ ಅಂದುಕೊಳ್ಳುತ್ತೇನೆ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ನಾವು ನೋಡುವ ಬಣ್ಣ ಹೆಚ್ಚಾಗಿ ಆ ಪಾಚಿಯದ್ದು. ಹವಳದ ಊಟದ ಬಹುಪಾಲು ಕೂಡ ಅದೇ ಕೊಡುತ್ತದೆ. ಬೇಸಿಗೆಯ ಮಾಮೂಲಿ ಗರಿಷ್ಠ ಬಿಸಿಗಿಂತ ಸಮುದ್ರ ಒಂದೇ ಡಿಗ್ರಿ ಜಾಸ್ತಿ ಕಾದು, ನಾಲ್ಕು ವಾರ ಹಾಗೇ ಉಳಿದರೆ ಸಾಕು. ಹವಳ ಆ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ. ಆಗ ತೆಳ್ಳಗಿನ ಮೈಯ ಮೂಲಕ ಒಳಗಿನ ಸುಣ್ಣದ ಗೂಡು ಬೆಳ್ಳಗೆ ಕಾಣುತ್ತದೆ. ಜೀವ ಇನ್ನೂ ಇರುತ್ತದೆ. ಮೋಡ ಕವಿದು, ಗಾಳಿ ಎದ್ದು, ನೀರು ತಣಿದರೆ ಪಾಚಿ ವಾಪಸ್ ಬರುತ್ತದೆ, ಬಣ್ಣವೂ ಬರುತ್ತದೆ. ತಣಿಯದಿದ್ದರೆ ಸಾಯುತ್ತದೆ. ಸತ್ತ ಹವಳ ಹೆಚ್ಚು ದಿನ ಬೆಳ್ಳಗೆ ಉಳಿಯುವುದೂ ಇಲ್ಲ. ಬೇಗನೆ ಅದರ ಮೇಲೆ ಬೇರೆ ಬಗೆಯ ಕಂದು-ಹಸಿರು ಪಾಚಿ ಹಬ್ಬಿ, ಹಳೇ ಕಂಬಳಿ ಹೊದ್ದ ಹಾಗೆ ಕಾಣುತ್ತದೆ. ಅಂದರೆ ನಿಮ್ಮ ನೆಂಟರು ನಿಲ್ಲಿ ಎಂದು ತೋರಿಸಿದ್ದು ಬದುಕಲು ಒದ್ದಾಡುತ್ತಿರುವ ಹವಳವನ್ನೇ.

ಕಾಲಿಟ್ಟರೆ ಏನಾಗುತ್ತದೆ? ಹವಳದ ಮೈ ಬಹಳ ತೆಳು. ಅದರ ಕೆಳಗಿರುವ ಗೂಡು ಗರಗಸದಷ್ಟು ಚೂಪು. ನಿಮ್ಮ ಭಾರ ಬಿದ್ದಾಗ ಆ ಮೈ ತನ್ನದೇ ಗೂಡಿಗೆ ಸಿಕ್ಕಿ ಹರಿಯುತ್ತದೆ. ಗಟ್ಟಿಮುಟ್ಟಾದ ಹವಳ ಆ ಗಾಯವನ್ನು ಹೇಗೋ ಮುಚ್ಚಿಕೊಳ್ಳುತ್ತದೆ. ಬಿಳುಚಿದ ಹವಳಕ್ಕೆ ಆ ಶಕ್ತಿಯೇ ಇರುವುದಿಲ್ಲ. 2016ರ ಬೇಸಿಗೆಯಲ್ಲಿ ಒಂದು ಲಗೂನಿನಲ್ಲಿ (ಹವಳದ ಗೋಡೆಯ ಒಳಗಿನ ಆಳವಿಲ್ಲದ ನೀರು) ಊಟದ ಮೇಜಿನಷ್ಟು ಅಗಲದ ಬಿಳುಚಿದ ಹವಳದ ಮೇಲೆ ಪ್ರವಾಸಿಗಳು ಸರದಿಯಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವುದನ್ನು ನೋಡಿದೆ. ಮಳೆಗಾಲ ಮುಗಿದ ಮೇಲೆ ಹೋದಾಗ ಅದರ ಅಂಚುಗಳಿಗೆ ಬಣ್ಣ ಬಂದಿತ್ತು. ಜನ ನಿಂತಿದ್ದ ನಡುಭಾಗ ಮಾತ್ರ ಪಾಚಿ ಹಿಡಿದು ಸತ್ತಿತ್ತು. ಅವತ್ತು ಅಲ್ಲೇ ಕೂಗಿ ಹೇಳಲಿಲ್ಲವಲ್ಲ ಎಂಬ ನೋವು ನನಗೆ ಈಗಲೂ ಇದೆ.

ಹಾಗಾದರೆ ನಿಜವಾಗಿಯೂ ಸತ್ತಿರುವ ಹವಳದ ಮೇಲೆ ನಿಲ್ಲಬಹುದಾ? ಅದೂ ಬೇಡ. ಹವಳದ ಮರಿಗಳು ನೀರಿನಲ್ಲಿ ತೇಲಿ ಬಂದು ಅಂಟಿಕೊಳ್ಳಲು ಅಲುಗಾಡದ ಗಟ್ಟಿ ಜಾಗ ಬೇಕು. ಸತ್ತ ಹವಳದ ಗೂಡು ಅವುಗಳಿಗೆ ಅಂಥ ಜಾಗ. ಅದು ಮುರಿದು ಚೂರಾದರೆ ಪ್ರತಿ ಅಲೆಗೂ ಉರುಳುತ್ತದೆ. ಉರುಳುವ ಕಲ್ಲಿನ ಮೇಲೆ ಮರಿ ಉಳಿಯುವುದಿಲ್ಲ. ಲಕ್ಷದ್ವೀಪದ ನೆಲ ಬಹುತೇಕ ಕಡೆ ಸಮುದ್ರದಿಂದ ಒಂದೆರಡು ಮೀಟರ್ ಎತ್ತರದಲ್ಲಿದೆ, ಅಷ್ಟೇ. ಮುಂಗಾರಿನ ಅಲೆಯ ಹೊಡೆತವನ್ನು ಮೊದಲು ತಿನ್ನುವುದು ಹೊರಗಿನ ಹವಳದ ಗೋಡೆ. ಆ ಗೋಡೆ ಸವೆದರೆ ಅಲೆ ನೇರವಾಗಿ ಮನೆ ಬಾಗಿಲಿಗೆ ಬರುತ್ತದೆ.

"ಸಮುದ್ರವೇ ಬಿಸಿಯಾಗುತ್ತಿರುವಾಗ ನನ್ನ ಒಂದು ಕಾಲಿನಿಂದ ಏನು?" ಎಂದೂ ಕೆಲವರು ಕೇಳಿದ್ದಾರೆ. ಲಕ್ಷದ್ವೀಪದ ಹವಳ ದೊಡ್ಡ ಪ್ರಮಾಣದಲ್ಲಿ ಬಿಳುಚಿದ್ದು 1998, 2010, 2016, ಮತ್ತೆ 2024ರಲ್ಲಿ. ನಡುವಿನ ಬಿಡುವು ಎಷ್ಟು ನೋಡಿ. ಮೊದಲು 12 ವರ್ಷ, ಆಮೇಲೆ 6, ಆಮೇಲೆ 8. ಇಂಥ ಹೊಡೆತದಿಂದ ಚೇತರಿಸಿಕೊಳ್ಳಲು ಹವಳಕ್ಕೆ ಹತ್ತು ವರ್ಷವಾದರೂ ಬೇಕು. 1998ರಿಂದ ಅಲ್ಲಿನ ಜೀವಂತ ಹವಳ ಸುಮಾರು ಅರ್ಧಕ್ಕೆ ಇಳಿದಿದೆ. ಬಿಸಿಯನ್ನು ನೀವೂ ನಾನೂ ಒಂದು ಪ್ರವಾಸದಲ್ಲಿ ತಡೆಯಲಾರೆವು. ಆದರೆ ಕಾಲು, ಲಂಗರು, ಕೊಳಚೆ ನೀರು ಇವೆಲ್ಲ ನಮ್ಮ ಕೈಯಲ್ಲೇ ಇವೆ. ಸಿಕ್ಕ ಸಣ್ಣ ಬಿಡುವಿನಲ್ಲಿ ಹವಳ ಎದ್ದೇಳುತ್ತದೋ ಇಲ್ಲವೋ ಎಂಬುದರಲ್ಲಿ ಇವುಗಳ ಪಾಲು ದೊಡ್ಡದು.

ಅದಕ್ಕೇ ನನ್ನ ಸಲಹೆ: ಏಪ್ರಿಲ್, ಮೇ ತಿಂಗಳಲ್ಲಿ ಹೋಗಲೇಬೇಡಿ. ನಮ್ಮ ಶಾಲೆಗಳ ರಜೆಯೂ ಆ ಸಮುದ್ರ ಅತಿ ಹೆಚ್ಚು ಕಾಯುವ ಕಾಲವೂ ಒಂದೇ. ದಸರಾ ರಜೆಗೋ ಡಿಸೆಂಬರ್‌ಗೋ ಹೋಗಿ. ಇಷ್ಟು ಕಟ್ಟುನಿಟ್ಟು ಬೇಡ ಎನ್ನುವ ಸ್ನೇಹಿತರು ನನಗಿದ್ದಾರೆ. ಆದರೂ ನಾನು ಇದನ್ನು ಬಿಡುವುದಿಲ್ಲ.

ಈಜು ಬಾರದವರು ನೀರಿಗೆ ಇಳಿಯಲೇಬಾರದು ಎನ್ನುತ್ತಿಲ್ಲ. ಮೊದಲು ನಿಮ್ಮೂರಿನ ಈಜುಕೊಳದಲ್ಲಿ ಸ್ನಾರ್ಕೆಲ್ (ಉಸಿರಾಡುವ ಕೊಳವೆ) ಕಚ್ಚಿಕೊಂಡು, ಲೈಫ್ ಜಾಕೆಟ್ ಹಾಕಿ, ಬೋರಲು ತೇಲುವುದನ್ನು ಕಲಿಯಿರಿ. ನಾಲ್ಕೈದು ದಿನ ಸಾಕು. ಗಾಬರಿಯಾದವರು ತಕ್ಷಣ ಕಾಲು ಕೆಳಗೆ ಚಾಚುತ್ತಾರೆ, ಹವಳ ಮುರಿಯುವುದು ಆಗಲೇ. ಮರಳಿನ ತಳ ಇರುವ ಕಡೆ ಇಳಿಸಿ ಎಂದು ದೋಣಿಯವರಿಗೆ ಮೊದಲೇ ಹೇಳಿ. ಕಾಲಿಗೆ ಕಟ್ಟುವ ರೆಕ್ಕೆ ಬೇಡ, ಹೊಸಬರು ಅದರಿಂದ ಒದೆಯುವುದೇ ಜಾಸ್ತಿ. ಭಯ ಹೋಗದಿದ್ದರೆ ಗಾಜಿನ ತಳದ ದೋಣಿಯಲ್ಲಿ ಕುಳಿತು ನೋಡಿ. ಮಕ್ಕಳಿಗೆ ಅದೇ ಹಬ್ಬ.

ಪ್ರಶ್ನೆ: ದಂಡೆಯಲ್ಲಿ ಬಿದ್ದಿರುವ ಹವಳದ ತುಂಡನ್ನು ತರಬಹುದಾ?

ಉತ್ತರ: ಬೇಡ. 2001ರಿಂದ ಹವಳ ವನ್ಯಜೀವಿ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ, ಹುಲಿಯ ಜೊತೆಗೆ. ಶಿಕ್ಷೆ 3ರಿಂದ 7 ವರ್ಷ ಜೈಲು.

ಪ್ರಶ್ನೆ: ಸಮುದ್ರದ ಹವಳದಿಂದ ಮಾಡಿದ ಕ್ಯಾಲ್ಸಿಯಂ ಪುಡಿ ಕ್ಯಾನ್ಸರ್ ವಾಸಿ ಮಾಡುತ್ತದಂತೆ?

ಉತ್ತರ: ಶುದ್ಧ ಸುಳ್ಳು. ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಕಲ್ಲಿನಲ್ಲಿ ಇರುವುದೂ ಅದೇ. 2003ರಲ್ಲಿ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಹೀಗೆ ಟಿವಿಯಲ್ಲಿ ಸಾರುತ್ತಿದ್ದವರ ಮೇಲೆ ಕೋರ್ಟಿಗೆ ಹೋಗಿತ್ತು. ಕಾಯಿಲೆ ಇರುವವರಿಗೆ ಇಂಥದ್ದನ್ನು ಮಾರುವುದು ಪಾಪದ ಕೆಲಸ. ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಯಾವ ಸನ್‌ಸ್ಕ್ರೀನ್ ಒಳ್ಳೆಯದು?

ಉತ್ತರ: ತುಂಬು ತೋಳಿನ ಈಜು ಬಟ್ಟೆ. ಮುಖಕ್ಕೆ ಜಿಂಕ್ ಆಕ್ಸೈಡ್ ಇರುವುದು ಸಾಕು. ಆಕ್ಸಿಬೆನ್‌ಜೋನ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಮಾರುವುದನ್ನು ಅಮೆರಿಕದ ಹವಾಯಿ ರಾಜ್ಯ ಹವಳಕ್ಕೆ ಹಾನಿ ಎಂದು 2021ರಿಂದ ನಿಲ್ಲಿಸಿದೆ. ಡಬ್ಬಿಯ ಮೇಲೆ "ಹವಳಕ್ಕೆ ಸುರಕ್ಷಿತ" ಎಂದು ಯಾರು ಬೇಕಾದರೂ ಅಚ್ಚು ಹಾಕಬಹುದು, ಹಿಂದೆ ಬರೆದಿರುವುದನ್ನು ಓದಿ.

ಪ್ರಶ್ನೆ: ದುಡ್ಡು ಕೊಟ್ಟರೆ ಪ್ರವಾಸಿಗಳ ಕೈಯಿಂದಲೇ ಹವಳ ನೆಡಿಸುತ್ತಾರಂತೆ. ಪುಣ್ಯದ ಕೆಲಸ ಅಲ್ವಾ?

ಉತ್ತರ: ನೆಡುವ ತುಂಡನ್ನು ಎಲ್ಲಿಂದ ತಂದಿರಿ, ಅನುಮತಿ ಯಾರು ಕೊಟ್ಟರು, ಎರಡು ವರ್ಷದ ಹಿಂದೆ ನೆಟ್ಟಿದ್ದರಲ್ಲಿ ಎಷ್ಟು ಬದುಕಿದೆ ಎಂದು ಕೇಳಿ. ಸರಿಯಾದ ಉತ್ತರ ಬರದಿದ್ದರೆ ದುಡ್ಡು ಕೊಡಬೇಡಿ.

ಪ್ರಶ್ನೆ: ಮೀನಿಗೆ ಬ್ರೆಡ್ ಹಾಕಬಹುದಾ? ಆಮೆಯನ್ನು ಮುಟ್ಟಬಹುದಾ?

ಉತ್ತರ: ಎರಡೂ ಕೂಡದು.

ಪ್ರಶ್ನೆ: ನಾವು ಮೀನು ತಿನ್ನುವವರು. ಅಲ್ಲಿ ಯಾವ ಮೀನು ತಿಂದರೆ ತೊಂದರೆ ಇಲ್ಲ? (ಕುಂದಾಪುರದ ಓದುಗರು)

ಉತ್ತರ: ಈ ಸಲ ಬಂದ ಒಳ್ಳೆಯ ಪ್ರಶ್ನೆ ಇದೊಂದೇ. ನಮ್ಮ ಕರಾವಳಿಯವರು ಕೇದರ ಎನ್ನುವ ಟ್ಯೂನಾ ತಿನ್ನಿ. ಲಕ್ಷದ್ವೀಪದವರು ಅದನ್ನು ಆಚೆ ಕಡಲಿನಲ್ಲಿ ಕೋಲು-ಗಾಳ ಹಾಕಿ ಒಂದೊಂದಾಗಿ ಹಿಡಿಯುತ್ತಾರೆ, ಹವಳದ ತಂಟೆಗೆ ಹೋಗುವುದಿಲ್ಲ. ಗಿಳಿ ಮೀನನ್ನು ಮಾತ್ರ ಕೇಳಬೇಡಿ. ಅದು ಹವಳದ ಮೇಲಿನ ಪಾಚಿಯನ್ನು ಕೆರೆದು ತಿಂದು ಮರಿಗಳಿಗೆ ಜಾಗ ಮಾಡಿಕೊಡುವ ಮೀನು. ಕಚ್ಚಿದ ಸುಣ್ಣವನ್ನು ಮರಳಾಗಿ ಹೊರಹಾಕುವುದೂ ಅದೇ. ನೀವು ಬರಿಗಾಲಲ್ಲಿ ನಡೆಯುವ ಆ ಬಿಳಿ ಮರಳಿನಲ್ಲಿ ಅದರ ದುಡಿಮೆ ಇದೆ. ಊಟದ ಪಟ್ಟಿಯಲ್ಲಿ ಅದು ಕಂಡರೆ, ನಾವಿದನ್ನು ತಿನ್ನುವುದಿಲ್ಲ ಎಂದು ಅಡುಗೆಯವರಿಗೆ ಹೇಳಿ, ಕಾರಣವನ್ನೂ ಹೇಳಿ.