ಕಾಲೇಜು ಅಂಗಳದಲ್ಲಿ ಹನ್ನೆರಡು ನಿಮಿಷದ ಯಕ್ಷಗಾನ

ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋ, ಫ್ರೀಮಾಂಟ್, ಸಾಂಟಾ ಕ್ಲಾರಾ ಊರುಗಳಲ್ಲಿ ನಮ್ಮವರು ಬಹಳ ಮಂದಿ ಇದ್ದಾರೆ. ಡಿ ಆಂಜಾ, ಓಲೋನಿ, ಮಿಷನ್‌ನಂಥ ಎರಡು ವರ್ಷದ ಕಮ್ಯುನಿಟಿ ಕಾಲೇಜುಗಳೂ ಅಲ್ಲೇ ಇವೆ. ಇಂಥ ಕಾಲೇಜುಗಳ ಬಹುಸಂಸ್ಕೃತಿ ಕಲಾಹಬ್ಬಕ್ಕೆ ತಯಾರಾಗುತ್ತಿರುವ ಓದುಗರ ಮೂರು ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ನಮ್ಮ ಬಡಗುತಿಟ್ಟಿನ ಯಕ್ಷಗಾನ ತಂಡಕ್ಕೆ ಬಯಲು ವೇದಿಕೆಯಲ್ಲಿ ಹನ್ನೆರಡು ನಿಮಿಷ ಕೊಟ್ಟಿದ್ದಾರೆ. ಯಕ್ಷಗಾನ ಗೊತ್ತೇ ಇಲ್ಲದವರ ಎದುರು ಇಷ್ಟರಲ್ಲಿ ಏನು ತೋರಿಸಬಹುದು? ಕಾಲೇಜಿನವರನ್ನು ಮೊದಲೇ ಏನು ಕೇಳಿಕೊಳ್ಳಬೇಕು?

ಕಥೆ ಮುಗಿಸುವ ಆಸೆ ಬಿಡಿ. ಒಂದೇ ವೇಷ, ಒಂದೇ ಸನ್ನಿವೇಶ ಸಾಕು. ಚಕ್ರವ್ಯೂಹಕ್ಕೆ ಹೊರಟ ಅಭಿಮನ್ಯುವನ್ನು ತೆಗೆದುಕೊಳ್ಳಿ. ಪುಂಡುವೇಷದ, ಅಂದರೆ ಎಳೆಯ ವೀರನ ಪಾತ್ರದ, ಚುರುಕು ನೋಡಿದ ಕೂಡಲೇ ಜನರಿಗೆ ತಟ್ಟುತ್ತದೆ, ಮಾತಿನ ಆಸರೆ ಅದಕ್ಕೆ ಅಷ್ಟಾಗಿ ಬೇಡ. ಇಂಗ್ಲಿಷ್ ಪರಿಚಯಕ್ಕೆ ಅರ್ಧ ನಿಮಿಷ, ಬರಿಯ ಚೆಂಡೆ–ಮದ್ದಳೆಗೆ ಒಂದು, ಪ್ರವೇಶದ ಕುಣಿತಕ್ಕೆ ಮೂರು, ಎರಡು ಪದ್ಯಗಳ ಅಭಿನಯಕ್ಕೆ ನಾಲ್ಕು, ಮಾತಿಗೆ ಒಂದು, ಯುದ್ಧದ ಕುಣಿತಕ್ಕೆ ಎರಡು. ಉಳಿದ ಅರ್ಧ ನಿಮಿಷ ರಂಗದಿಂದ ಇಳಿಯುವುದಕ್ಕೆ ಬೇಕೇ ಬೇಕು. ಅರ್ಥಗಾರಿಕೆಯನ್ನು ಒಂದು ನಿಮಿಷಕ್ಕೆ ಇಳಿಸುವುದು ಕಲಾವಿದರಿಗೆ ನೋವಿನ ಕೆಲಸವೇ. ಆದರೂ ಕನ್ನಡ ಬಾರದ ಸಭೆಯಲ್ಲಿ ಉದ್ದ ಮಾತಿಗೆ ಕಾಲು ಭಾಗ ಜನ ಎದ್ದು ಹೋಗುವುದಕ್ಕಿಂತ ಅದೇ ವಾಸಿ.

ಬಣ್ಣಗಾರಿಕೆಗೂ ವೇಷ ಕಟ್ಟುವುದಕ್ಕೂ ಎರಡು ತಾಸು ಹಿಡಿಯಿರಿ. ಕನ್ನಡಿ, ಬೆಳಕು, ನೀರು ಇರುವ ಕೋಣೆಯೇ ಚೌಕಿಗೆ (ಬಣ್ಣದ ಮನೆಗೆ) ಬೇಕು. ಗುಡಾರ ಕೊಟ್ಟರೆ ಒಪ್ಪಬೇಡಿ. ಬಿಸಿಲ ಧಗೆಗೆ ಮುಖದ ಬಣ್ಣ ಬೆವರಿನ ಜೊತೆ ಇಳಿಯುತ್ತದೆ. ತಲೆಗೆ ಕಟ್ಟುವ ಕೇದಗೆ ಮುಂದಲೆಯನ್ನು ಕೊನೆಗೆ, ರಂಗಕ್ಕೆ ಹೋಗುವ ಅರ್ಧ ತಾಸು ಮೊದಲು ಕಟ್ಟಿದರೆ ಸಾಕು. ಬೇಗ ಕಟ್ಟಿ ಕಾದು ನಿಂತವನಿಗೆ ಹಣೆ ನೋವು ಶುರುವಾಗಿ, ಕುಣಿಯುವ ಹೊತ್ತಿಗೆ ಕುತ್ತಿಗೆ ಬಿಗಿದಿರುತ್ತದೆ.

ಎಲ್ಲಕ್ಕಿಂತ ಮೊದಲು ವಿಚಾರಿಸಬೇಕಾದ್ದು ನೆಲದ ವಿಷಯ. ಅಲ್ಲಿನ ಸಂಚಾರಿ ವೇದಿಕೆಗಳನ್ನು ಹೆಚ್ಚಾಗಿ 4 ಅಡಿ ಅಗಲ, 8 ಅಡಿ ಉದ್ದದ ಹಲಗೆಗಳನ್ನು ಜೋಡಿಸಿ ಕಟ್ಟುತ್ತಾರೆ. ಎರಡು ಹಲಗೆ ಸೇರುವ ಸಂದಿನಲ್ಲಿ ಕಾಲಿನ ಕಿರುಬೆರಳು ಸಿಕ್ಕಿಕೊಳ್ಳುತ್ತದೆ. ಮಂಡಿ ಹಾಕುವಾಗ, ಅಂದರೆ ಮಂಡಿಯೂರಿ ಸುತ್ತುವಾಗ, ಅದೇ ಅಂಚು ಮಂಡಿಚಿಪ್ಪಿಗೆ ಬಡಿಯುತ್ತದೆ. ಸಂದುಗಳ ಮೇಲೆ ಗ್ಯಾಫರ್ ಟೇಪ್ ಅಂಟಿಸಿಕೊಡಿ ಎಂದು ಬರೆದೇ ಕೇಳಿ. ಮಂಡಿ ಹಾಕುವ ಜಾಗ ಒಂದು ಹಲಗೆಯ ನಟ್ಟನಡುವೆ ಬರುವಂತೆ ಚಾಕ್‌ಪೀಸಿನಲ್ಲಿ ಗುರುತು ಮಾಡಿ. ಹಾಡು–ವಾದ್ಯದವರ ಹಿಮ್ಮೇಳ ಹಿಂದೆ ಕೂತರೆ ಐದಾರು ಅಡಿ ಆಳ ಅಲ್ಲೇ ಹೋಗುತ್ತದೆ. ವೇದಿಕೆಯ ಆಳ 16 ಅಡಿಗಿಂತ ಕಡಿಮೆಯಿದ್ದರೆ ಹಿಮ್ಮೇಳವನ್ನು ಪಕ್ಕಕ್ಕೆ ಕೂರಿಸಿ.

ಕಪ್ಪು ವಿನೈಲ್ ಹಾಸು ನಡುಹಗಲ ಬಿಸಿಲಿಗೆ ಕಾದ ಹಂಚಿನಂತಾಗುತ್ತದೆ. ಅಂಗೈ ಊರಿ ಐದು ಎಣಿಸಿ. ಅಷ್ಟರೊಳಗೆ ಕೈ ಎತ್ತಬೇಕೆನಿಸಿದರೆ ಬರಿಗಾಲಲ್ಲಿ ಕುಣಿಯುವ ಮಾತೇ ಇಲ್ಲ. ನೀರು ಹಾಕಿ ತಣಿಸಲು ಹೋಗಬೇಡಿ, ಜಾರುತ್ತದೆ. ಬೆಳಗ್ಗೆ ಹನ್ನೊಂದರ ಒಳಗೆ ಇಲ್ಲವೇ ಇಳಿಹೊತ್ತಿಗೆ ಸಮಯ ಕೇಳಿಕೊಳ್ಳುವುದೇ ದಾರಿ.

ಆ ಒಣ ಹವೆಗೆ, ನೇರ ಬಿಸಿಲಿಗೆ ಚೆಂಡೆ–ಮದ್ದಳೆಯ ಚರ್ಮ ಬಿಗಿದು ಶ್ರುತಿ ಏರುತ್ತದೆ. ಹವಾನಿಯಂತ್ರಿತ ಕೋಣೆಯಲ್ಲಿ ಹಾಡುವ ಭಾಗವತರ ಶ್ರುತಿಯಾದ ಕಪ್ಪು ಎರಡಕ್ಕೆ (ಹಾರ್ಮೋನಿಯಂನ ಎರಡನೆಯ ಕಪ್ಪು ಮನೆಗೆ) ಕೂಡಿಸಿದ ಮದ್ದಳೆ ಹೊರಗೆ ಬಂದ ಮೇಲೆ ಕೂಡದೆ ಹೋಗುವುದು ಇದರಿಂದಲೇ. ಅರ್ಧ ತಾಸು ಮುಂಚೆ ವಾದ್ಯಗಳನ್ನು ಬಟ್ಟೆ ಮುಚ್ಚಿ ವೇದಿಕೆಯ ಪಕ್ಕದ ನೆರಳಿಗೆ ತಂದಿಟ್ಟು, ಶ್ರುತಿ ಅಲ್ಲೇ ಮಾಡಿ. ಊರಿಂದ ತಂದ ಶ್ರುತಿಪೆಟ್ಟಿಗೆಯ ಹಿಂಬದಿಯ ಚೀಟಿಯನ್ನೂ ಓದಿ. 100–240 ವೋಲ್ಟ್ ಎಂದಿದ್ದರೆ ಸರಿ. ಬರೀ 230 ಎಂದಿದ್ದರೆ ಅಮೆರಿಕದ 120 ವೋಲ್ಟಿನಲ್ಲಿ ಸರಿಯಾಗಿ ನುಡಿಯದು. ಪಿನ್ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಬದಲಿಸುವುದಿಲ್ಲ.

ಮೈಕಿನ ಪಟ್ಟಿಯನ್ನು ಒಂದೇ ಹಾಳೆಯಲ್ಲಿ, ಯಾರು ಎಲ್ಲಿ ಕೂರುತ್ತಾರೆಂಬ ಚಿತ್ರದ ಸಮೇತ, ಎರಡು ವಾರ ಮೊದಲು ಕಳಿಸಿ: ಭಾಗವತರಿಗೆ ಒಂದು, ಮದ್ದಳೆಗೆ ಒಂದು, ಶ್ರುತಿಗೆ ಒಂದು, ಮಾತಿಗೆ ವೇದಿಕೆಯ ಮುಂದೆ ಎರಡು. ಕಿವಿಗೆ ಸಿಕ್ಕಿಸುವ ಮೈಕು ಮುಂದಲೆಯ ಬಟ್ಟೆಗೆ ಉಜ್ಜಿ ಕರಕರ ಎನ್ನುತ್ತದೆ, ಬೇಡ. ಚೆಂಡೆಗೆ ಮೈಕೇ ಬೇಡ. ಇದನ್ನು ಮೊದಲೇ ಹೇಳದಿದ್ದರೆ ಧ್ವನಿಯವರು ಚೆಂಡೆಯ ಮೊದಲ ಪೆಟ್ಟಿಗೆ ಬೆಚ್ಚಿ ಒಟ್ಟು ಧ್ವನಿಯನ್ನೇ ಇಳಿಸುತ್ತಾರೆ, ಆಮೇಲೆ ಭಾಗವತರ ಪದ್ಯ ಯಾರಿಗೂ ಕೇಳಿಸದು.

ಪ್ರಶ್ನೆ: ಅದೇ ಹಬ್ಬದಲ್ಲಿ ದೋಸೆ ಮಳಿಗೆ ಹಾಕುವ ಯೋಚನೆ ಇದೆ. ಮನೆಯಲ್ಲೇ ಹಿಟ್ಟು ರುಬ್ಬಿ ಒಯ್ಯಬಹುದೇ?

ಒಯ್ಯುವಂತಿಲ್ಲ. ಕಾಲೇಜಿನ ಒಪ್ಪಿಗೆಯ ಜೊತೆಗೆ ಕೌಂಟಿಯ ಪರಿಸರ ಆರೋಗ್ಯ ಇಲಾಖೆಯ ತಾತ್ಕಾಲಿಕ ಪರವಾನಗಿಯೂ ಬೇಕು. ಮನೆಯ ಅಡುಗೆ ಅದರಲ್ಲಿ ನಡೆಯದು. ಪರವಾನಗಿ ಇರುವ ಅಡುಗೆಮನೆಯಲ್ಲೇ ರುಬ್ಬಬೇಕು. ವಿದ್ಯುತ್ತಿನ ಲೆಕ್ಕವನ್ನೂ ನೋಡಿ. 20 ಆಂಪಿಯರಿನ ಒಂದು ಲೈನಿನಿಂದ ಎಡೆಬಿಡದೆ ಎಳೆಯಬಹುದಾದದ್ದು ಸುಮಾರು 1,900 ವಾಟ್. 1,500 ವಾಟಿನ ಕಾವಲಿ ಒಂದೇ ಒಂದು. ಎರಡನೆಯದನ್ನು ಸಿಕ್ಕಿಸಿದರೆ ಫ್ಯೂಸ್ ಬಿದ್ದು, ಅದೇ ಲೈನಿನಲ್ಲಿರುವ ಪಕ್ಕದ ಮಳಿಗೆಯೂ ಆರಿಹೋಗುತ್ತದೆ. ಒಂದು ಕಾವಲಿಯಲ್ಲಿ ಇನ್ನೂರು ಜನರ ಸಾಲು ಕರಗುವುದಿಲ್ಲ.

ನಮ್ಮ ಸಲಹೆ ಬಿಸಿಬೇಳೆಬಾತ್. ಒಂದು ಕಿಲೋ ಅಕ್ಕಿ, ಅರ್ಧ ಕಿಲೋ ತೊಗರಿಬೇಳೆ, ಒಂದು ಕಿಲೋ ತರಕಾರಿ, ಆರು ಲೀಟರ್ ನೀರು ಹಿಡಿದರೆ 200 ಗ್ರಾಮಿನ ಸುಮಾರು ನಲವತ್ತು ಕಪ್ ಆಗುತ್ತದೆ. ಬಿಸಿಯಾಗಿಡುವ ಆಹಾರ 57 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಕೂಡದು, ಕಡ್ಡಿ ಥರ್ಮಾಮೀಟರ್ ಕೈಯಲ್ಲಿರಲಿ. ಬಾತ್ ಹೊತ್ತು ಹೋದಂತೆ ಗಟ್ಟಿಯಾಗುತ್ತದೆ. ಸಡಿಲ ಮಾಡಲು ಕುದಿಯುವ ನೀರನ್ನೇ ಸುರಿಯಿರಿ. ತಣ್ಣೀರು ಹಾಕಿದರೆ ಬಿಸಿ ಇಳಿದು ತಪಾಸಣೆಯವರು ಪಾತ್ರೆ ಎತ್ತಿಸುತ್ತಾರೆ. ನೆಲಗಡಲೆ, ಗೋಡಂಬಿ, ತುಪ್ಪ ಬಿದ್ದಿದ್ದರೆ ದೊಡ್ಡ ಅಕ್ಷರದಲ್ಲಿ ಬರೆದು ತೂಗುಹಾಕಿ. ಗುಡಾರದ ನಾಲ್ಕು ಕಾಲಿಗೂ 5 ಗ್ಯಾಲನ್ನಿನ ಒಂದೊಂದು ಬಕೆಟ್ ನೀರು ಕಟ್ಟಿ. ಒಂದೊಂದೂ ಹೆಚ್ಚುಕಡಿಮೆ 19 ಕಿಲೋ ತೂಗುತ್ತದೆ, ಮಧ್ಯಾಹ್ನದ ಗಾಳಿಗೆ ಅಷ್ಟು ಭಾರ ಇರಲೇಬೇಕು.

ಪ್ರಶ್ನೆ: ಬಂದವರೇ ಕೂತು ರಂಗೋಲಿ ಹಾಕುವಂತೆ ಮಾಡಬೇಕೆಂದಿದ್ದೇವೆ. ಯಾವುದು ಸುಲಭ?

ಏಳರಿಂದ ನಾಲ್ಕಕ್ಕೆ ಇಳಿಯುವ ಸಂದುಚುಕ್ಕಿ, ಅಂದರೆ ಒಂದು ಸಾಲಿನ ಎರಡು ಚುಕ್ಕಿಗಳ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರುವಂಥದ್ದು. ನಡುಸಾಲಿನಲ್ಲಿ 7, ಮೇಲೂ ಕೆಳಗೂ 6, 5, 4. ಒಟ್ಟು 37 ಚುಕ್ಕಿ. ಮೂರು ಇಂಚಿಗೊಂದು ಚುಕ್ಕಿ ಇಟ್ಟರೆ 18 ಇಂಚು ಅಗಲವಾಗುತ್ತದೆ, ಎರಡಡಿ ಚದರದ ಪ್ಲೈವುಡ್ಡಿನಲ್ಲಿ ಸುತ್ತ ಅಂಚು ಉಳಿಯುತ್ತದೆ. ಹಲಗೆಗೆ ಮೊದಲೇ ಕಪ್ಪು ಬಣ್ಣ ಬಳಿದು, ಚುಕ್ಕಿಗಳನ್ನೂ ನೀವೇ ಇಟ್ಟು ಕೊಡಿ. ಬಂದವರ ಪಾಲಿಗೆ ಗೆರೆ ಎಳೆಯುವ ಸಂತೋಷ ಉಳಿಯಲಿ.

ಬರೀ ಅಕ್ಕಿಹಿಟ್ಟು ಬೆರಳಿಗಂಟಿ ಗಂಟುಗಂಟಾಗಿ ಬೀಳುತ್ತದೆ. ಅದಕ್ಕೆ ಸಮಪಾಲು ನುಣುಪಾದ ಬಿಳಿ ಮರಳು ಬೆರೆಸಿ. ಅಂಗಳಕ್ಕೆ ಚಿಮುಕಿಸುವಂತೆಯೇ ಹಲಗೆಗೂ ತುಸು ನೀರು ಚಿಮುಕಿಸಿದರೆ ಗಾಳಿಗೆ ಪುಡಿ ಹಾರುವುದಿಲ್ಲ. ಹೊಸಬರು ಉಪ್ಪು ಉದುರಿಸುವವರಂತೆ ಕೈ ಎತ್ತರದಲ್ಲಿ ಹಿಡಿಯುತ್ತಾರೆ, ಗೆರೆ ಚದುರುತ್ತದೆ. ತೋರುಬೆರಳು, ನಡುಬೆರಳುಗಳ ಮೇಲೆ ಪುಡಿ ಇಟ್ಟು, ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳುತ್ತಾ, ಬೆರಳ ತುದಿ ಹಲಗೆಯಿಂದ ಒಂದು ಇಂಚಿನೊಳಗೇ ಇರುವಂತೆ ಹಿಡಿದು ತೋರಿಸಿಕೊಡಿ. ಎರಡನೆಯ ಗೆರೆಗೇ ಕೈ ಕುದುರುತ್ತದೆ.

ಎಣ್ಣೆದೀಪಕ್ಕೆ ಅಗ್ನಿಶಾಮಕದವರ ಒಪ್ಪಿಗೆ ಬೇಕಾಗುತ್ತದೆ. ಅದು ಕೈಗೆ ಬಾರದಿದ್ದರೆ ಬ್ಯಾಟರಿ ದೀಪ ಇಡಿ. ಮುಗಿದ ಮೇಲೆ ನೀರು ಹೊಯ್ದು ತೊಳೆಯಬೇಡಿ. ಅಲ್ಲಿನ ಮಳೆನೀರಿನ ಚರಂಡಿ ಶುದ್ಧೀಕರಣವಿಲ್ಲದೆ ನೇರ ಹಳ್ಳಕ್ಕೆ, ಕೊಲ್ಲಿಗೆ ಸೇರುವುದರಿಂದ ಬಣ್ಣದ ನೀರು ಬಿಡುವುದಕ್ಕೆ ನಿಷೇಧವಿದೆ. ಪೊರಕೆಯಲ್ಲಿ ಗುಡಿಸಿ, ಚೀಲಕ್ಕೆ ತುಂಬಿ ಕಸದ ಡಬ್ಬಕ್ಕೆ ಹಾಕಿ.