ಕೈದಿಯನ್ನು ಬಿಟ್ಟ ಮೇಲೆ ಕಾಯುವವರು ಯಾರು? ಹಳೆಯ ಇಂಗ್ಲೆಂಡಿನ ಜಾಮೀನು

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಷೆರೀಫರು (ಕೌಂಟಿ ಎಂಬ ಜಿಲ್ಲೆಯಲ್ಲಿ ರಾಜನ ಅಧಿಕಾರಿಗಳು) ಕೈದಿಗಳನ್ನು ಜಾಮೀನುದಾರರ ಮೇಲೆ ಬಿಡುತ್ತಿದ್ದರು ಎಂದು ಓದಿದೆ. ಆಗಲೂ ಮುಂಗಡ ಹಣ ಕಟ್ಟಬೇಕಿತ್ತೇ? ಯಾರನ್ನು ಬಿಡಬಹುದಿತ್ತು? ಬಿಟ್ಟವನು ಓಡಿಹೋದರೆ ಜಾಮೀನು ನಿಂತವರ ಗತಿ ಏನು?

ಉತ್ತರ: ಮುಂಗಡ ಹಣದ ಪದ್ಧತಿ ಇರಲಿಲ್ಲ. ಷೆರೀಫನ ವಶದಲ್ಲಿದ್ದ ಕೈದಿಯನ್ನು ಜಾಮೀನುದಾರರ ವಶಕ್ಕೆ ಒಪ್ಪಿಸುತ್ತಿದ್ದರು. ಅಂದಿನಿಂದ ಅವನನ್ನು ಕಾಯುವ ಹೊಣೆ ಅವರದು. ಅವನು ತಪ್ಪಿಸಿಕೊಳ್ಳುವ ಲಕ್ಷಣ ಕಂಡರೆ ಅವರೇ ಹಿಡಿದು ತಂದು ಒಪ್ಪಿಸಬಹುದಿತ್ತು. ‘ಮೇನ್‌ಪ್ರೈಜ್’ ಎಂಬ ಇನ್ನೊಂದು ಬಗೆಯೂ ಇತ್ತು. ಅದರಲ್ಲಿ ಹೊಣೆ ನಿಂತವರಿಗೆ ಹಿಡಿಯುವ ಅಧಿಕಾರವಿಲ್ಲ, ಗೊತ್ತಾದ ದಿನ ಅವನು ಹಾಜರಾಗುತ್ತಾನೆಂಬ ಭರವಸೆ ಮಾತ್ರ. ಹಳೆಯ ದಾಖಲೆಗಳು ಇವೆರಡನ್ನೂ ಬೆರೆಸಿಬಿಡುತ್ತವೆ, ಓದುವಾಗ ಎಚ್ಚರ ಬೇಕು.

ಬಿಡುಗಡೆ ಹುಟ್ಟಿದ್ದು ದಯೆಯಿಂದಲ್ಲ, ಷೆರೀಫನ ಪೇಚಾಟದಿಂದ. ಪ್ರತಿ ಕೌಂಟಿಯಲ್ಲೂ ಸೆರೆಮನೆ ಇರಬೇಕು, ಇಲ್ಲದ ಕಡೆ ರಾಜನ ಖರ್ಚಿನಲ್ಲಿ, ಹತ್ತಿರವಿದ್ದರೆ ರಾಜನ ಕಾಡಿನ ಮರದಿಂದ, ಇಲ್ಲವೇ ಹತ್ತಿರದ ಬೇರೆ ಕಾಡಿನ ಮರದಿಂದ ಕಟ್ಟಬೇಕು ಎಂದು 1166ರ ಕ್ಲಾರೆಂಡನ್ ಶಾಸನ ಹೇಳಿತು. ಮರದ ಸೆರೆಮನೆ ಮುರಿಯುವುದು ಕಷ್ಟವಲ್ಲ. ರಾಜನ ಸಂಚಾರಿ ನ್ಯಾಯಾಧೀಶರು ಬರಲು ವರ್ಷಗಳೇ ಹಿಡಿಯಬಹುದು. ಅಷ್ಟರಲ್ಲಿ ಕೈದಿ ಪರಾರಿಯಾದರೆ ದಂಡ ಷೆರೀಫನ ತಲೆಗೆ. ಊರಿನ ನಾಲ್ಕಾರು ಗಟ್ಟಿ ಕುಳಗಳಿಗೆ ಒಪ್ಪಿಸಿದರೆ ಆ ಹೊರೆ ಇಳಿಯುತ್ತಿತ್ತು.

ಷೆರೀಫ್ ಬಿಡಲು ಒಪ್ಪದಿದ್ದರೆ ರಾಜನ ಬರವಣಿಗೆಯ ಕಚೇರಿಯಾದ ಚಾನ್ಸರಿಯಿಂದ ರಿಟ್ (ರಾಜನ ಹೆಸರಿನ ಲಿಖಿತ ಆಜ್ಞೆ) ತರಬೇಕಿತ್ತು. ‘ಡಿ ಹೋಮಿನೆ ರೆಪ್ಲೀಜಿಯಾಂಡೊ’ ಎಂಬ ರಿಟ್ ಕೈದಿಯನ್ನು ಜಾಮೀನಿನ ಮೇಲೆ ಬಿಡಲು ಷೆರೀಫನಿಗೆ ಆಜ್ಞೆ ಮಾಡುತ್ತಿತ್ತು. ನಾಲ್ಕು ಬಗೆಯವರಿಗೆ ಅದು ದಕ್ಕುತ್ತಿರಲಿಲ್ಲ: ಕೊಲೆ ಆರೋಪಿಗಳು, ರಾಜನ ಆಜ್ಞೆಯಿಂದ ಬಂಧಿತರಾದವರು, ಅವನ ನ್ಯಾಯಾಧೀಶರ ಆಜ್ಞೆಯಿಂದ ಬಂಧಿತರಾದವರು, ರಾಜನ ಅರಣ್ಯದಲ್ಲಿ ಅಪರಾಧ ಮಾಡಿದವರು. ಕೊಲೆ ಆರೋಪ ಹೊತ್ತವನಿಗೆ ಬೇರೊಂದು ದಾರಿ ಇತ್ತು. ದ್ವೇಷದಿಂದ ಸುಳ್ಳು ಆರೋಪ ಹೊರಿಸಿದ್ದಾರೆಂದು ಹೇಳಿ ‘ಡಿ ಓಡಿಯೊ ಎಟ್ ಏಷಿಯಾ’ ರಿಟ್ ಕೇಳಬಹುದಿತ್ತು. ಸ್ಥಳೀಯ ಜ್ಯೂರಿ ಹೌದೆಂದರೆ ಹನ್ನೆರಡು ಮಂದಿಯ ಹೊಣೆಯ ಮೇಲೆ ಬಿಡುಗಡೆ. ಈ ವಿಚಾರಣೆಯ ರಿಟ್ಟನ್ನು ಪುಕ್ಕಟೆ ಕೊಡಬೇಕು, ನಿರಾಕರಿಸಬಾರದು ಎಂದು 1215ರ ಮ್ಯಾಗ್ನಾ ಕಾರ್ಟಾದ 36ನೇ ವಿಧಿ ಹೇಳಿತು.

ನೀವು ಕೂತು ಓದಲೇಬೇಕಾದದ್ದು 1275ರ ಮೊದಲನೆಯ ವೆಸ್ಟ್‌ಮಿನ್‌ಸ್ಟರ್ ಶಾಸನದ 15ನೇ ಅಧ್ಯಾಯ. ಬಿಡಬೇಕಾದವರನ್ನು ಒಳಗಿಟ್ಟು, ಬಿಡಬಾರದವರನ್ನು ಲಂಚಕ್ಕೆ ಹೊರಗೆ ಕಳಿಸುತ್ತಿದ್ದ ಷೆರೀಫರ ಕೈ ಕಟ್ಟಲು ಬಂದದ್ದು ಅದು. ಕಾನೂನಿನ ರಕ್ಷಣೆ ಕಳೆದುಕೊಂಡವರು, ಸೆರೆಮನೆ ಮುರಿದವರು, ಕದ್ದ ಮಾಲಿನೊಂದಿಗೆ ಸಿಕ್ಕಿಬಿದ್ದವರು, ಮನೆಗೆ ಬೆಂಕಿ ಇಟ್ಟವರು, ಖೋಟಾ ನಾಣ್ಯ ಮಾಡಿದವರು, ರಾಜಮುದ್ರೆಯನ್ನು ನಕಲು ಮಾಡಿದವರು, ರಾಜದ್ರೋಹಿಗಳು, ಇವರಿಗೆ ಜಾಮೀನಿಲ್ಲ. ಲಘು ಅನುಮಾನದ ಮೇಲೆ ಸಿಕ್ಕವರಿಗೆ, ಅಪರಾಧಿಗೆ ಆಶ್ರಯ ಕೊಟ್ಟ ಆರೋಪಿಗಳಿಗೆ, ಪ್ರಾಣ ಅಥವಾ ಅಂಗ ಹೋಗುವಂಥದ್ದಲ್ಲದ ತಪ್ಪಿನವರಿಗೆ ಉಂಟು. 12 ಪೆನ್ಸ್ ಮೀರದ ಕಳವಿಗೂ ಉಂಟು, ಆದರೆ ಹಿಂದೆ ಬೇರೆ ಕಳವಿನಲ್ಲಿ ಸಿಕ್ಕಿರಬಾರದು.

ಬಿಡಬಾರದವನನ್ನು ಬಿಟ್ಟ ಷೆರೀಫ್ ಹುದ್ದೆಯನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತಿದ್ದ. ಕೈಕೆಳಗಿನವನು ಒಡೆಯನ ಇಚ್ಛೆಗೆ ವಿರುದ್ಧವಾಗಿ ಬಿಟ್ಟರೆ ಮೂರು ವರ್ಷ ಸೆರೆ, ಮೇಲೆ ದಂಡ. ತಕ್ಕ ಜಾಮೀನು ಕೊಟ್ಟರೂ ಬಿಡದಿದ್ದರೆ ಭಾರಿ ದಂಡ. ಬಿಡಲು ಹಣ ತಿಂದಿದ್ದರೆ ಕೈದಿಗೆ ಎರಡರಷ್ಟು ವಾಪಸು, ರಾಜನಿಗೆ ದಂಡ ಬೇರೆ. ನನ್ನ ಮಟ್ಟಿಗೆ ಈ ಶಾಸನದ ತಿರುಳೇ ಈ ಶಿಕ್ಷೆಗಳು. ಅಪರಾಧಗಳ ಪಟ್ಟಿಯನ್ನಷ್ಟೇ ಬಾಯಿಪಾಠ ಮಾಡಿದರೆ ಅದು ಕೈಗೆ ಸಿಗುವುದಿಲ್ಲ. ಆದರೂ ‘ಲಘು ಅನುಮಾನ’ ಎಷ್ಟು ಲಘು ಎಂದು ಅಳೆಯುವವನು ಷೆರೀಫನೇ ಆಗಿದ್ದ. ಸಡಿಲ ಉಳಿದದ್ದು ಅಲ್ಲೇ.

ಇನ್ನು ಓಡಿಹೋದವನ ವಿಷಯ. ನ್ಯಾಯಾಧೀಶರ ಮುಂದೆ ಜಾಮೀನುದಾರರ ಹೆಸರು ಕೂಗುತ್ತಿದ್ದರು. ಕೈದಿಯನ್ನು ಹಾಜರುಪಡಿಸದಿದ್ದರೆ ಒಬ್ಬೊಬ್ಬರಿಗೂ ದಂಡ. ‘ದೇಹಕ್ಕೆ ದೇಹ’ ಎಂಬ ಒಕ್ಕಣೆ ಕೆಲವು ಮುಚ್ಚಳಿಕೆಗಳಲ್ಲಿತ್ತು, ಆದರೆ ವಸೂಲಾಗುತ್ತಿದ್ದದ್ದು ಹಣವೇ. ಮುಂದೆ ಇದು ‘ರೆಕಗ್ನಿಜೆನ್ಸ್’ ರೂಪ ತಾಳಿತು: ‘ಇಷ್ಟು ಹಣ ರಾಜನಿಗೆ ಬಾಕಿ, ಆರೋಪಿ ಹಾಜರಾದರೆ ಈ ಸಾಲ ರದ್ದು’ ಎಂದು ಜಾಮೀನುದಾರ ಒಪ್ಪಿಕೊಳ್ಳುವುದು. ಆರೋಪಿ ತಪ್ಪಿಸಿಕೊಂಡರೆ ಆ ಸಾಲ ರಾಜನ ಖಜಾನೆಯಾದ ಎಕ್ಸ್‌ಚೆಕರ್ ಖಾತೆಗೆ ಹೋಗುತ್ತಿತ್ತು.

ಬಿಡುವ ಅಧಿಕಾರ ಕ್ರಮೇಣ ಷೆರೀಫನಿಂದ ಜಸ್ಟಿಸ್ ಆಫ್ ದಿ ಪೀಸ್ ಎಂಬ ಸ್ಥಳೀಯ ನ್ಯಾಯಾಧಿಕಾರಿಗಳ ಕೈಗೆ ಬಂತು. 1484ರ ಕಾಯಿದೆ ಒಬ್ಬೊಬ್ಬ ಜಸ್ಟಿಸ್‌ಗೂ ಅದನ್ನು ಕೊಟ್ಟಿತು. ದುರುಪಯೋಗವಾದ್ದರಿಂದ 1487ರಲ್ಲಿ ಇಬ್ಬರು ಬೇಕೆಂದಾಯಿತು. 1554ರ ಕಾಯಿದೆ ಇನ್ನೂ ಬಿಗಿ: ಇಬ್ಬರೂ ಒಟ್ಟಿಗೆ ಇರಬೇಕು, ಬಿಡುವ ಮೊದಲೇ ಆರೋಪಿಯನ್ನೂ ಹಿಡಿದು ತಂದವರನ್ನೂ ವಿಚಾರಿಸಿ ಬರೆದಿಡಬೇಕು.

ರಾಜಾಜ್ಞೆಯಿಂದ ಬಂಧಿತರಿಗೆ ಜಾಮೀನಿಲ್ಲ ಎಂಬ ಹಳೆಯ ಮಾತು 1627ರಲ್ಲಿ ಮತ್ತೆ ಎದ್ದಿತು. ಬಲವಂತದ ಸಾಲ ಕೊಡದ ಐವರು ನೈಟ್‌ಗಳನ್ನು ಒಂದನೇ ಚಾರ್ಲ್ಸ್ ಬಂಧಿಸಿದ, ನ್ಯಾಯಾಲಯ ಬಿಡಲಿಲ್ಲ. ಅದರ ಬೆನ್ನಿಗೇ, ಕಾರಣ ತೋರಿಸದೆ ಬಂಧಿಸಬಾರದೆಂಬ 1628ರ ಪಿಟಿಷನ್ ಆಫ್ ರೈಟ್ ಬಂತು, ಮುಂದೆ ಬಂಧಿತನನ್ನು ನ್ಯಾಯಾಧೀಶರ ಮುಂದೆ ತರಿಸುವ 1679ರ ಹೇಬಿಯಸ್ ಕಾರ್ಪಸ್ ಕಾಯಿದೆ. ಆಗ ನ್ಯಾಯಾಧೀಶರು ಯಾರೂ ತುಂಬಲಾರದಷ್ಟು ಮೊತ್ತ ಕೇಳತೊಡಗಿದರು. ಅತಿಯಾದ ಜಾಮೀನು ಕೇಳಬಾರದೆಂದು 1689ರ ಬಿಲ್ ಆಫ್ ರೈಟ್ಸ್ ಹೇಳಬೇಕಾಯಿತು.

ನಮ್ಮ ದಂಡ ಪ್ರಕ್ರಿಯಾ ಸಂಹಿತೆಯ 440ನೇ ಕಲಮಿನಲ್ಲಿದ್ದದ್ದೂ ಈಗ ನಾಗರಿಕ ಸುರಕ್ಷಾ ಸಂಹಿತೆಯ 484ನೇ ಕಲಮಿನಲ್ಲಿರುವುದೂ ಅದೇ ನಿಯಮ. ಜಾಮೀನುದಾರನ ಸ್ಥಾನ ಮಾತ್ರ ಬದಲಾಗಿದೆ. ಹಿಂದೆ ಸರಿಯಬೇಕೆಂದರೆ ಇಂದು ಅವನು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬೇಕು. ಅವರು ವಾರಂಟ್ ಹೊರಡಿಸಿ ಆರೋಪಿಯನ್ನು ಕರೆಸಿ, ಬಾಂಡ್ ರದ್ದುಪಡಿಸಿ, ಬೇರೆ ಜಾಮೀನು ಕೇಳುತ್ತಾರೆ.